ಹೆಪ್ಪು ಕೇಳಲು ಹೋದವರು

ನಮ್ಮ ಊರಿನಲ್ಲಿ ಗೋಡೆಯಾಚೆ ಹೆಂಗಸಿನ ಮೇಲೆ ಕೈ ಎತ್ತಿದರೆ ಗೋಡೆಯೀಚೆ ಅನ್ನ ಬೇಯುವುದಿಲ್ಲ. ನೀರು ಕುದಿಯುತ್ತದೆ, ನೊರೆ ಉಕ್ಕುತ್ತದೆ, ಮುಚ್ಚಳ ಕುಣಿಯುತ್ತದೆ. ಸೌಟಿನಲ್ಲಿ ತೆಗೆದು ಬೆರಳಲ್ಲಿ ಒತ್ತಿ ನೋಡಿದರೆ ಮಾತ್ರ ಅಕ್ಕಿ ಅಕ್ಕಿಯಾಗಿಯೇ ಇರುತ್ತದೆ. ಹುಟ್ಟಿದಾಗಿನಿಂದ ಕಂಡದ್ದರಿಂದ ಇದು ನಮಗೆ ವಿಶೇಷವೇನಲ್ಲ. ಅಂಥ ದಿನ ಯಾರೂ ಪಕ್ಕದ ಮನೆಯ ಮಾತೆತ್ತುವುದಿಲ್ಲ. 'ಈ ಸಲದ ಅಕ್ಕಿ ಸರಿಯಿಲ್ಲ' ಎಂದು ಗೊಣಗಿ ಅವಲಕ್ಕಿ ನೆನೆಸುತ್ತಾರೆ. ಬೇಯದ ಅಕ್ಕಿಯನ್ನು ಬಸಿದು, ತಾರಸಿಯಲ್ಲಿ ಒಣಗಿಸಿ, ರುಬ್ಬಿ ಸಂಡಿಗೆ ಮಾಡುತ್ತಾರೆ. ಅಕ್ಕಿ ಅಂಗಡಿಯ ಗುರುಪಾದಪ್ಪನ ಹತ್ತಿರ ಚೀಲ ವಾಪಸು ತಂದರೆ, ತನ್ನ ಅಕ್ಕಿಯಲ್ಲಿ ಏನೂ ದೋಷವಿಲ್ಲವೆಂದು ಗೊತ್ತಿದ್ದೂ ಆತ ತುಟಿಪಿಟಕ್ಕೆನ್ನದೆ ಬದಲಾಯಿಸಿ ಕೊಡುತ್ತಾನೆ. ಬಾಡಿಗೆ ಮನೆ ತೋರಿಸುವ ದಲ್ಲಾಳಿ ನೀರು, ಗಾಳಿ, ಬೆಳಕು ಎಲ್ಲವನ್ನೂ ಹೊಗಳಿದ ಮೇಲೆ ದನಿ ತಗ್ಗಿಸಿ, 'ಇಲ್ಲಿ ಅನ್ನ ಬೇಯುತ್ತೆ' ಎನ್ನುತ್ತಾನೆ. ಬಾಡಿಗೆಗೆ ಬರುವವರು ಅದೊಂದನ್ನು ಕೇಳಿದ ಮೇಲೆಯೇ ಒಪ್ಪಿಕೊಳ್ಳುವುದು.

ನಾನು ನಾಗಭೂಷಣ, ಬಸ್ ಕಂಡಕ್ಟರ್ ಆಗಿದ್ದವನು. ಬಾಗಿಲಲ್ಲಿ ನಿಂತವರನ್ನು ಒಳಗೆ ದಬ್ಬುವುದು, ಇಳಿಯುವವರನ್ನು ಬೇಗ ಬೇಗ ಇಳಿಸುವುದು, 'ರೈಟ್' ಎಂದು ಕೂಗುವುದು, ಇದರಲ್ಲೇ ಆಯುಷ್ಯ ಕಳೆಯಿತು. ನಿವೃತ್ತಿಯಾದ ಮೇಲೆ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನಾನು ಮನೆಯೊಳಗೆ ಶತಪಥ ಹಾಕುವುದನ್ನು ನೋಡಿ ನೋಡಿ ತಲೆಕೆಟ್ಟು, ನನ್ನ ಹೆಂಡತಿ ಅನಸೂಯ ಒಂದು ದಿನ ಸೌಟನ್ನು ನನ್ನ ಕೈಗಿಟ್ಟು ಅಂಗನವಾಡಿಗೆ ಹೊರಟಳು. ಅವಳು ಅಲ್ಲಿ ಟೀಚರು. ಅಂದಿನಿಂದ ಅಡುಗೆ ನನ್ನದು. ಎಷ್ಟೋ ದಿನ ಡ್ಯೂಟಿ ಮುಗಿಸಿ ಬಂದು ತಟ್ಟೆಯಲ್ಲಿ ಅವಲಕ್ಕಿ ಕಂಡಾಗ, ಇವಳಿಗೆ ಇವತ್ತು ಅಡುಗೆ ಬೇಸರ ಬಂದಿದೆ ಅಂದುಕೊಂಡಿದ್ದೆ. ಒಲೆಯ ಮುಂದೆ ನಾನೇ ನಿಂತಾಗ ನಿಜ ಸಂಗತಿ ತಿಳಿಯಿತು. ನಮ್ಮ ಮನೆಯ ಒಂದು ಮಗ್ಗುಲಿಗೆ ಓಣಿ, ಇನ್ನೊಂದು ಮಗ್ಗುಲಿಗೆ ದಯಾನಂದನ ಮನೆ. ಓಣಿಯಲ್ಲಿ ಯಾರೂ ಸಂಸಾರ ಮಾಡುತ್ತಿರಲಿಲ್ಲ.

ದಯಾನಂದ ಮೆಡಿಕಲ್ ಶಾಪ್ ಇಟ್ಟವನು. ಇಡೀ ಊರಿಗೆ ಬೇಕಾದವನು. ಮುದುಕರ ಮನೆಗೆ ಮಾತ್ರೆಯನ್ನು ತಾನೇ ತಲುಪಿಸುತ್ತಾನೆ, ಎದುರಾದವರಿಗೆಲ್ಲ ನಮಸ್ಕಾರ ಹಾಕುತ್ತಾನೆ, ಜೋರು ಮಾತಾಡಿದ್ದನ್ನು ಯಾರೂ ಕೇಳಿಲ್ಲ. ನಿಜ ಹೇಳಬೇಕೆಂದರೆ ಔಷಧಿಯ ಓದು ಓದಿದವಳು ಅವನ ಹೆಂಡತಿ ವಾರಿಜ. ಅವಳ ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಅಂಗಡಿಯ ಫ್ರಿಜ್ಜಿನ ಮೇಲಿನ ಗೋಡೆಗೆ ತೂಗುಹಾಕಿದ್ದಾನೆ. ಅದಿಲ್ಲದೆ ಅಂಗಡಿ ನಡೆಸುವಂತಿಲ್ಲ. ಸರ್ಟಿಫಿಕೇಟು ಅಂಗಡಿಯಲ್ಲಿ, ವಾರಿಜ ಮನೆಯಲ್ಲಿ. ನೋಡಿದರೆ ನಕ್ಕು, 'ಊಟ ಆಯ್ತಾ ಮಾಮ' ಎಂದು ಕೇಳುತ್ತಿದ್ದಳು. ಹಸಿ ಅಕ್ಕಿಯ ಪಾತ್ರೆ ಒಳಗಿಟ್ಟು ಬಂದ ನಾನು, 'ಆಯ್ತಮ್ಮ' ಎನ್ನುತ್ತಿದ್ದೆ.

ಆ ವರ್ಷ ಅನಸೂಯಳ ಅಂಗನವಾಡಿಯಲ್ಲಿ ತರಬೇತಿ ಇಟ್ಟರು. ಮನೆಯೊಳಗಿನ ಹೊಡೆತ ಬಡಿತ ತಡೆಯುವುದು ಹೇಗೆ, ಅದಕ್ಕೆ ಸಿಕ್ಕವರ ಜೊತೆ ನಿಲ್ಲುವುದು ಹೇಗೆ ಎಂದು ಹೇಳಿಕೊಡಲು ಹೊರಗಿನಿಂದ ನಸೀಮಾ ಮೇಡಂ ಬಂದರು. 'ಮನೇಲಿ ಯಾರು ಅನ್ನ ಮಾಡ್ತಾರೋ ಅವರೆಲ್ಲ ಬರಬೇಕು' ಎಂದು ಅನಸೂಯ ಡಂಗುರ ಸಾರಿದ್ದರಿಂದ ನಾನೂ ಹೋಗಬೇಕಾಯಿತು. ಆನೆ, ಇಲಿ, ಈರುಳ್ಳಿ ಚಿತ್ರಗಳ ಕೆಳಗೆ, ಮಕ್ಕಳ ಚಾಪೆಯ ಮೇಲೆ ಮಂಡಿ ಮಡಚಿ ಕೂತೆವು. ಪರಿಚಯ ಮಾಡಿಕೊಳ್ಳುವಾಗ ಮೇಡಂ ತಮ್ಮ ಊರಲ್ಲಿ ಪಕ್ಕದ ಮನೆಯಲ್ಲಿ ಏನೇ ಆಗಲಿ ಅನ್ನ ಬೇಯುತ್ತದೆ ಅಂದರು. ನಮಗೆಲ್ಲ ಅಯ್ಯೋ ಪಾಪ ಅನ್ನಿಸಿತು.

'ಹಂಗಾದ್ರೆ ನಿಮಗೆ ಗೊತ್ತಾಗೋದು ಹೆಂಗೆ ಮೇಡಂ?' ಗುರುಪಾದಪ್ಪ ಕಳಕಳಿಯಿಂದಲೇ ಕೇಳಿದ.

'ಕೇಳ್ಸುತ್ತಲ್ಲ, ಗೋಡೆ ಇರೋದೆಷ್ಟು ದಪ್ಪ. ಕೇಳ್ಸಿದ ತಕ್ಷಣ ಟೀವಿ ಸೌಂಡ್ ಜಾಸ್ತಿ ಮಾಡ್ಕೋತೀವಿ' ಅಂದರು ಮೇಡಂ.

ನಗಬೇಕೆಂದಿದ್ದವರು ನಗಲಿಲ್ಲ. ಎಲ್ಲರ ಮನೆಯ ತಾರಸಿಯ ಮೇಲೂ ಅಕ್ಕಿ ಒಣಗುತ್ತಿತ್ತು.

ಮೇಡಂ ಹೇಳಿಕೊಟ್ಟದ್ದು ಸುಲಭದ್ದು. ಅನ್ನ ಬೇಯುತ್ತಿಲ್ಲವೆಂದು ಕಂಡ ಕೂಡಲೇ ಎದ್ದು ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಬೇಕು. ಜಗಳ ಆಡಬಾರದು, ನ್ಯಾಯ ಹೇಳಬಾರದು. ಏನಾದರೂ ಚಿಕ್ಕದನ್ನು ಕೇಳಬೇಕು. ಏನು ಕೇಳುವುದೆಂದು ಅರ್ಧ ದಿನ ಚರ್ಚೆಯಾಗಿ ಕೊನೆಗೆ ಮೊಸರಿಗೆ ಹೆಪ್ಪು ಎಂದು ತೀರ್ಮಾನವಾಯಿತು. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಹೆಪ್ಪು ಕೊಡುವುದಿಲ್ಲವಲ್ಲ ಎಂದು ಹಿಂದಿನಿಂದ ಯಾರೋ ತಕರಾರು ತೆಗೆದರು.

'ಕೊಡದಿದ್ರೆ ಬೇಡ. ನೀವು ಹೋಗೋದು ಹೆಪ್ಪಿಗಲ್ಲ. ಎತ್ತಿದ ಕೈ ಬಾಗಿಲು ತೆಗೆಯೋಕಾದ್ರೂ ಕೆಳಗಿಳೀಬೇಕು, ಅದಕ್ಕೆ' ಅಂದರು ಮೇಡಂ.

ಆಮೇಲೆ ಪಾತ್ರ ಮಾಡಿಸಿದರು. ಮೇಡಮ್ಮೇ ಏಟು ತಿಂದ ಹೆಂಗಸು, ನಾನು ಸಹಾಯಕ್ಕೆ ಹೋದವನು. ನಾನು ಹಿಂದೆಮುಂದೆ ನೋಡದೆ ಶುರು ಮಾಡಿದೆ: 'ಏಳಮ್ಮ, ಬಟ್ಟೆ ತುಂಬ್ಕೋ, ಅಮ್ಮನ ಮನೆ ಎಲ್ಲಿ, ನಡಿ ನಡಿ, ಬೇಗ.'

ಮೇಡಂ ಕೂತಲ್ಲಿಂದ ಏಳಲಿಲ್ಲ. 'ಸರ್, ನೀವು ನನ್ನನ್ನ ಬಸ್ಸಿಂದ ಇಳಿಸ್ತಾ ಇದೀರಿ' ಅಂದರು. ಚಾಪೆಯ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ನನ್ನ ಹೆಂಡತಿ.

'ಇಷ್ಟು ದಿನ ಅವಳ ಎಲ್ಲಾ ವಿಷಯಾನೂ ಬೇರೆಯವರೇ ತೀರ್ಮಾನ ಮಾಡಿದಾರೆ. ಈಗ ನೀವೂ ಅದನ್ನೇ ಮಾಡಿದ್ರೆ ಹೇಗೆ? ನಿಂಗೇನು ಬೇಕು ಅಂತ ಕೇಳಿ. ಕೇಳಿ ಸುಮ್ಮನಿರಿ' ಅಂದರು ಮೇಡಂ.

'ಎಷ್ಟು ಹೊತ್ತು?'

'ಅವಳು ಹೇಳೋವರೆಗೆ.'

'ಹೇಳ್ದಿದ್ರೆ?'

'ನಾಳೆ ಇನ್ನೊಂದ್ಸಲ ಕೇಳಿ. ಡಾಕ್ಟ್ರು, ಪೊಲೀಸು, ಇರೋಕೆ ಜಾಗ ಎಲ್ಲಾ ಇದೆ ಅಂತ ತಿಳಿಸಿ. ಬೇಕು ಅನ್ನೋಳು ಅವಳು.'

ಇದು ನನಗೆ ಹಿಡಿಸಲಿಲ್ಲ. ಬಸ್ಸು ನಿಲ್ಲಿಸಿಕೊಂಡು ಕಾಯುವುದೆಂದರೆ ನನಗೆ ಮೈಯೆಲ್ಲ ತುರಿಕೆ.

ಅದಾದ ಕೆಲವೇ ದಿನಗಳಲ್ಲಿ ಒಂದು ಮಧ್ಯಾಹ್ನ ಅನ್ನ ಬೇಯಲಿಲ್ಲ. ಲೋಟ ಹಿಡಿದು ಹೊರಟೆ. ಇಷ್ಟು ವರ್ಷ ಯಾರ್ಯಾರ ಮೇಲೋ ರೇಗಿದ ನಾನು ಆ ಬಾಗಿಲಿನ ಮುಂದೆ ಲೋಟವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಾ ನಿಂತೆ. ತಟ್ಟಿದೆ. ದಯಾನಂದ ಬಾಗಿಲು ತೆಗೆದ, ಮುಖದಲ್ಲಿ ಅದೇ ನಗು, ಕೊರಳ ನರ ಮಾತ್ರ ಇನ್ನೂ ಹಾರುತ್ತಿತ್ತು.

'ಏನು ಬೇಕಿತ್ತಣ್ಣ?'

'ಒಂಚೂರು ಹೆಪ್ಪು.'

ಒಳಗಿನಿಂದ ವಾರಿಜ ಹೆಪ್ಪು ತಂದಳು. ಸೆರಗನ್ನು ಎಡಗೆನ್ನೆಗೆ ಒತ್ತಿಕೊಂಡಿದ್ದಳು. ನನ್ನನ್ನೂ ನನ್ನ ಲೋಟವನ್ನೂ ನೋಡಿದಳು. ಮನೆಗೆ ಬಂದು ಮುಚ್ಚಳ ತೆಗೆದರೆ ಅನ್ನ ಅರಳುತ್ತಿತ್ತು. ನನಗೆ ಕಣ್ಣಲ್ಲಿ ನೀರು ಬಂತು, ಅದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಊರೆಲ್ಲ ಹೆಪ್ಪು ಕೇಳುವುದು ನಡೆಯಿತು. ಎಲ್ಲರ ಮನೆಯಲ್ಲೂ ಮೊಸರೋ ಮೊಸರು. ಮಜ್ಜಿಗೆ ಹುಳಿ, ಮೊಸರು ಬಜ್ಜಿ ತಿಂದು ತಿಂದು ಬಾಯಿ ಜಿಡ್ಡುಗಟ್ಟಿತು. ಆದರೂ ನೆಮ್ಮದಿಯಿತ್ತು. ಗುರುಪಾದಪ್ಪನ ಅಂಗಡಿಗೆ ಅಕ್ಕಿ ವಾಪಸು ಬರುವುದು ನಿಂತಿತ್ತು.

ಒಂದು ಬೆಳಿಗ್ಗೆ ಮತ್ತೆ ಅನ್ನ ಬೇಯದೆ, ಹೋಗಿ ನೋಡಿದರೆ ದಯಾನಂದನ ಕಿಟಕಿಯ ಕಟ್ಟೆಯ ಮೇಲೆ, ಹೊರಗಡೆ, ಒಂದು ಸ್ಟೀಲ್ ಬಟ್ಟಲು. ಮೇಲೆ ತಟ್ಟೆ ಮುಚ್ಚಿತ್ತು. ತೆಗೆದರೆ ಹೆಪ್ಪು. ತಟ್ಟಿದ್ದಕ್ಕೆ ಒಳಗಿನಿಂದಲೇ ಮೆತ್ತಗಿನ ದನಿ ಬಂತು: 'ಬಟ್ಟಲು ಹೊರಗಿದೆಯಣ್ಣ. ದಿನಾ ಕಾಯೋ ತೊಂದರೆ ನಿಮಗ್ಯಾಕೆ ಅಂತ ಇಟ್ಟಿದೀನಿ.'

ಬಾಗಿಲು ತೆರೆಯಲಿಲ್ಲ. ನಾನು ಅಲ್ಲಿ ಪೆದ್ದನ ಹಾಗೆ ನಿಂತೆ. ನಿಂತು ಏನು ಮಾಡಿದೆ ಕೇಳಿ: ಬಟ್ಟಲಿನಿಂದ ಒಂದು ಚಮಚ ಹೆಪ್ಪು ತೆಗೆದುಕೊಂಡು, 'ಆಯ್ತಪ್ಪ' ಎಂದು ಹೇಳಿ ಮನೆಗೆ ಬಂದೆ. ನಮ್ಮ ಊರಿನವರು ಮಾತ್ರ ಮಾಡಬಹುದಾದ ತಪ್ಪು ಇದು. ಕೇಳಲು ಹೋದದ್ದು ಸಿಕ್ಕಿತು, ಇನ್ನು ತಟ್ಟುವುದು ಮರ್ಯಾದೆಯಲ್ಲ. ನಾನೊಬ್ಬನೇ ಅಲ್ಲ. ದಯಾನಂದನ ಉಪಾಯ ಎಷ್ಟು ಚೆನ್ನಾಗಿದೆಯೆಂದು ಒಬ್ಬರ ನಂತರ ಒಬ್ಬರು ಬಟ್ಟಲು ಇಟ್ಟರು. ಬೀದಿಯುದ್ದಕ್ಕೂ ಕಿಟಕಿ ಕಟ್ಟೆಗಳ ಮೇಲೆ ಬಟ್ಟಲುಗಳು ಫಳಫಳ ಹೊಳೆದವು. ನೋಡಿದವರು ಎಂಥ ಧಾರಾಳದ ಊರು ಎನ್ನಬೇಕು. ಒಳಗೆ ಅನ್ನ ಬೇಯುತ್ತಿರಲಿಲ್ಲ. ಬೇಯದ ಅಕ್ಕಿಯ ಜೊತೆ ಈಗ ಗಟ್ಟಿ ಮೊಸರು ಬೇರೆ.

ನನಗೆ ತಡೆಯಲಾಗಲಿಲ್ಲ. ದಯಾನಂದ ಅಂಗಡಿಯಲ್ಲಿದ್ದ ಹೊತ್ತು ನೋಡಿ ವಾರಿಜಳ ಬಾಗಿಲಿಗೆ ಹೋದೆ. ಹಳೆಯ ಸ್ನೇಹಿತ ಡ್ರೈವರಿಗೆ ಹೇಳಿ ಬಸ್ಸನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿಟ್ಟಿದ್ದೆ. 'ಹೊರಡಮ್ಮ. ಉಟ್ಟ ಸೀರೇಲೇ ಬಾ. ಸೀಟು ಹಿಡಿದಿದೀನಿ, ಬಸ್ಸು ನಿನಗೋಸ್ಕರ ಕಾಯ್ತಾ ಇದೆ' ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. 'ಎಲ್ಲಿಗೆ ಮಾಮ?'

'ಎಲ್ಲಿಗಾದ್ರೂ.'

'ನನ್ನನ್ನೊಂದು ಮಾತು ಕೇಳಿದ್ರಾ?' ಎಂದಳು. ಸಿಟ್ಟಿನಿಂದಲ್ಲ, ಸುಸ್ತಿನಿಂದ. ಬಾಗಿಲು ಮುಚ್ಚಿಕೊಂಡಿತು. ಎದುರು ಮನೆಯವರು ನೋಡಿದ್ದು ಸಂಜೆಯ ಹೊತ್ತಿಗೆ ಅಂಗಡಿ ಮುಟ್ಟಿತು. ಮರುದಿನದಿಂದ ನಮ್ಮ ಮನೆಯಲ್ಲಿ ಒಂದು ಹೊತ್ತೂ ಅನ್ನವಿಲ್ಲ. ನಾನು ಹೋಗಿ ತಟ್ಟುತ್ತೇನೆ, 'ಬಟ್ಟಲು ಹೊರಗಿದೆಯಣ್ಣ', ಬಂದು ಮುಚ್ಚಳ ತೆಗೆಯುತ್ತೇನೆ, ಹಸಿ ಅಕ್ಕಿ. ಇನ್ನೊಮ್ಮೆ ಹೋಗುತ್ತೇನೆ, ಇನ್ನೊಮ್ಮೆ ಬರುತ್ತೇನೆ. ಅಡುಗೆಮನೆಗೂ ಬೀದಿಗೂ ನಡೆದು ನಡೆದು ಚಪ್ಪಲಿ ಸವೆಯಿತು.

'ಬಸ್ಸು ನಿಲ್ಲಿಸಿದ್ದು ನೀವು, ಏಟು ತಿಂತಿರೋದು ಅವಳು' ಅಂದಳು ಅನಸೂಯ. ನಾನು ಅವಲಕ್ಕಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಅವಳಿಗೂ ಅಂದು ಊಟ ಸೇರಲಿಲ್ಲ.

ಮರುದಿನ ಅವಳು ಅಂಗನವಾಡಿಗೆ ಹೊರಟವಳು ಹಾಗೇ ತಿರುಗಿ ದಯಾನಂದನ ಕಿಟಕಿಯ ಕಡೆ ಹೋದಳು. ಚಮಚ ಲೋಟ ಏನೂ ಇಲ್ಲ, ಬಟ್ಟಲನ್ನೇ ಎತ್ತಿಕೊಂಡು ಒಳಗೆ ಬಂದಳು. ಹೆಪ್ಪನ್ನು ನಮ್ಮ ಪಾತ್ರೆಗೆ ಸುರಿದು, ಬಟ್ಟಲು ತೊಳೆದು, ಒರೆಸಿ, ನನ್ನ ಮುಂದಿಟ್ಟಳು.

'ರೀ, ಬೇರೆಯವರ ಪಾತ್ರೆ ನಮ್ಮನೇಲಿದ್ರೆ ಏನು ಮಾಡ್ತೀವಿ?'

'ವಾಪಸ್ ಕೊಡ್ತೀವಿ.'

'ಖಾಲಿ ಕೊಡ್ತೀವಾ?'

ನಮ್ಮ ಊರಿನಲ್ಲಿ ಎಂಥ ಬಡವರೂ ಇನ್ನೊಬ್ಬರ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಇಡುತ್ತಾರೆ. ಅದನ್ನು ಹೊಸಿಲ ಮೇಲೆ ಇಟ್ಟು ಬರುವಂತೆಯೂ ಇಲ್ಲ, ಮನೆಯ ಹೆಂಗಸಿನ ಕೈಗೇ ಕೊಡಬೇಕು. ಅನಸೂಯ ಬಟ್ಟಲಿಗೆ ಒಂದು ಅಚ್ಚು ಬೆಲ್ಲ ಹಾಕಿಕೊಂಡು ಹೋಗಿ ತಟ್ಟಿದಳು. ನಾನು ಹಿಂದೆ ನಿಂತಿದ್ದೆ.

'ಬಟ್ಟಲು ಹೊರಗಿದೆಯಕ್ಕ.'

'ಹೊರಗಿಲ್ಲಪ್ಪ, ನನ್ನ ಕೈಲಿದೆ. ಬೆಲ್ಲ ಹಾಕಿದೀನಿ. ವಾರಿಜನ ಕೈಗೆ ಕೊಡ್ಬೇಕು.'

ದಯಾನಂದ ಯಾವ ಮರ್ಯಾದೆಯನ್ನೂ ಬಿಟ್ಟವನಲ್ಲ, ಊರೆದುರಿಗೆ ಅವನಿಗಿದ್ದದ್ದೇ ಆ ಮರ್ಯಾದೆ. ಬಾಗಿಲು ತೆರೆಯಿತು.

ಬೀದಿಗೆಲ್ಲ ಉಪಾಯ ಕಲಿಸಿದವನು ಬಟ್ಟಲಿಡುವುದನ್ನು ನಿಲ್ಲಿಸುವಂತಿರಲಿಲ್ಲ. ಅಂದಿನಿಂದ ದಿನವೂ ಕಿಟಕಿಯಿಂದ ಬಟ್ಟಲು ಬಂತು, ದಿನವೂ ಬಟ್ಟಲು ಹೋಯಿತು. ಕಡಲೆ, ಹುರಿಗಾಳು, ಒಂದು ನಿಂಬೆಹಣ್ಣು. ಬಟ್ಟಲು ಕೈಯಿಂದ ಕೈಗೆ ದಾಟುವ ಆ ಚೂರು ಹೊತ್ತಿನಲ್ಲಿ ಅನಸೂಯ ದನಿ ತಗ್ಗಿಸಿ ಒಂದೇ ಮಾತು ಕೇಳುತ್ತಿದ್ದಳು: 'ನಿಂದೇನೂ ತಪ್ಪಿಲ್ಲ ಕಣೇ. ನಿಂಗೇನು ಬೇಕು?' 'ಏನೂ ಬೇಡಕ್ಕ' ಎನ್ನುತ್ತಿದ್ದಳು ವಾರಿಜ. ಮರುದಿನ ಮತ್ತೆ ಕೇಳುವಳು, ಮತ್ತೆ ಅದೇ ಉತ್ತರ. ನಾನು ಹಿಂದೆ ನಿಂತು ಹಲ್ಲು ಕಚ್ಚಿಕೊಳ್ಳುತ್ತಿದ್ದೆ. ಬೇಡ ಅಂದಮೇಲೆ ಇನ್ನೇನಿದೆ ಎಂದು ಮನೆಗೆ ಬಂದು ಜಗಳ ಆಡುತ್ತಿದ್ದೆ. ಅನಸೂಯ ಮರುದಿನದ ಬಟ್ಟಲಿಗೆ ಏನು ಹಾಕುವುದೆಂದು ಡಬ್ಬಿ ಹುಡುಕುತ್ತಿದ್ದಳು.

ಕಡೆಗೆ ಒಂದು ದಿನ, ಬಟ್ಟಲಲ್ಲಿ ಕೊಬ್ಬರಿ ಇದ್ದ ದಿನ, ವಾರಿಜ ಅದನ್ನು ತೆಗೆದುಕೊಳ್ಳದೆ ನಿಂತಳು. 'ನನ್ನ ಸರ್ಟಿಫಿಕೇಟು ಬೇಕು ಅಕ್ಕ' ಎಂದಳು.

'ಅಷ್ಟೇನಾ, ನಾನು ಈಗಲೇ ಹೋಗಿ ಕಿತ್ಕೊಂಡು ಬರ್ತೀನಿ' ಎಂದು ನಾನು ಮುಂದೆ ಬಂದೆ.

'ಬೇಡ ಮಾಮ. ಅದನ್ನ ಮೊಳೆಗೆ ಹಾಕುವಾಗಲೂ ಬೇರೆಯವರೇ ಹಾಕಿದ್ರು. ನಾನೇ ತೆಗೀತೀನಿ. ನೀವೆಲ್ಲ ಅಲ್ಲಿರಿ, ಸಾಕು.'

ಅನಸೂಯ ನಸೀಮಾ ಮೇಡಮ್ಮಿಗೆ ಫೋನು ಮಾಡಿದಳು. ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ಔಷಧಿ ಕೊಡುವ ಕೆಲಸ ಖಾಲಿಯಿದೆ, ಹೆಂಗಸರ ವಸತಿಯಲ್ಲಿ ಜಾಗವೂ ಇದೆ, ದೂರು ಕೊಡುವುದಾದರೆ ವಕೀಲರೂ ಇದ್ದಾರೆ ಎಂದು ಮೇಡಂ ತಿಳಿಸಿದರು. ಎಲ್ಲವನ್ನೂ ಬಟ್ಟಲಿನ ಜೊತೆ ವಾರಿಜಳಿಗೆ ಮುಟ್ಟಿಸಿದೆವು. ಯಾವತ್ತು ಎನ್ನುವುದನ್ನು ಮಾತ್ರ ಅವಳು ಹೇಳಲಿಲ್ಲ. ನಾವು ಕೇಳಲೂ ಇಲ್ಲ. ನಾನು ಕೇಳದೆ ಇದ್ದದ್ದು ಹೇಗೆಂದು ಈಗಲೂ ಆಶ್ಚರ್ಯ.

ಆ ದಿನ ಬೆಳಿಗ್ಗೆ ನಾನು ಸ್ಟವ್ ಮೇಲೆ ಅಕ್ಕಿ ಇಟ್ಟಿದ್ದೆ. ಹಿಂದಿನ ದಿನವೆಲ್ಲ ಬೆಂದಿರಲಿಲ್ಲ, ಇಂದೂ ಬೇಯುವ ಆಸೆಯಿರಲಿಲ್ಲ, ಸುಮ್ಮನೆ ರೂಢಿಗೆ ಇಟ್ಟದ್ದು. ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ವಾರಿಜ. ಕೈಯಲ್ಲಿ ಖಾಲಿ ಬಟ್ಟಲು, ಹೆಗಲಲ್ಲೊಂದು ಚೀಲ. 'ಇವತ್ತು' ಅಂದಳು. ನಾನು ಚಪ್ಪಲಿ ಕೂಡ ಸರಿಯಾಗಿ ಮೆಟ್ಟದೆ ಓಡಿದೆ.

ನಾವು ಮೂವರೂ ಅಲ್ಲಿಗೆ ಹೋಗುವಷ್ಟರಲ್ಲಿ ಸುದ್ದಿ ಹೇಗೆ ಹರಡಿತೋ, ಮೆಡಿಕಲ್ ಶಾಪಿನ ಮುಂದೆ ಬೀದಿಯ ಜನವೆಲ್ಲ ಸೇರಿತ್ತು. ಯಾರೂ ಕೂಗಲಿಲ್ಲ, ಯಾರೂ ಬೈಯಲಿಲ್ಲ. ತರಬೇತಿಯಲ್ಲಿ ಕಲಿತದ್ದನ್ನೇ ಮಾಡಿದರು. ಚಿಕ್ಕ ಚಿಕ್ಕದನ್ನು ಕೇಳುತ್ತಾ ನಿಂತರು. ಗುರುಪಾದಪ್ಪ ಕೆಮ್ಮಿನ ಔಷಧಿ ಕೇಳಿದ. ಅನಸೂಯ ಜ್ವರದ ಮಾತ್ರೆ ಕೇಳಿದಳು. ಇನ್ನೊಬ್ಬರು ಹತ್ತಿ, ಮತ್ತೊಬ್ಬರು ಗಾಯದ ಪಟ್ಟಿ. ದಯಾನಂದ ನಗುತ್ತಲೇ ಒಂದೊಂದಾಗಿ ತೆಗೆದುಕೊಡುತ್ತಿದ್ದ. ಆಗ ವಾರಿಜ ಗಲ್ಲಾದ ಪಕ್ಕದ ಅಡ್ಡಹಲಗೆ ಎತ್ತಿ ಒಳಗೆ ಹೋದಳು.

'ಮನೆಗೆ ನಡಿ' ಅಂದ ದಯಾನಂದ, ಮೆತ್ತಗೆ.

'ಸ್ವಲ್ಪ ಸರೀರಿ' ಅಂದಳು ವಾರಿಜ.

ಅವಳು ಸ್ಟೂಲು ಎಳೆದುಕೊಂಡು ಹತ್ತಿದಳು. ಕೈ ಎಟುಕಲಿಲ್ಲ, ತುದಿಗಾಲಲ್ಲಿ ನಿಂತಳು. ನಾನು ಉದ್ದದ ಮನುಷ್ಯ, ಒಂದು ಹೆಜ್ಜೆ ಇಟ್ಟರೆ ತೆಗೆದುಕೊಡಬಹುದಿತ್ತು. ನನ್ನ ಕೈಯನ್ನು ನಾನೇ ಹಿಂದೆ ಕಟ್ಟಿಕೊಂಡೆ. ದಯಾನಂದನ ಬಲಗೈ ಹಲಗೆ ಬಿಟ್ಟು ಮೇಲೆದ್ದಿತು. ಅದು ಎದ್ದ ರೀತಿ ಊರವರೆಲ್ಲ ಮೊದಲ ಸಲ ಕಣ್ಣಾರೆ ಕಂಡರು.

'ದಯಾನಂದಪ್ಪ, ನನ್ನ ಜ್ವರದ ಮಾತ್ರೆ' ಅಂದಳು ಅನಸೂಯ.

ಕೈ ಅಲ್ಲೇ ನಿಂತಿತು. 'ನನ್ನ ಹತ್ತಿ' ಎಂದರು ಇನ್ನೊಬ್ಬರು. 'ನನ್ನ ಕೆಮ್ಮಿನ ಔಷಧಿ' ಎಂದ ಗುರುಪಾದಪ್ಪ, ಬಾಟಲಿ ಆಗಲೇ ಅವನ ಕೈಯಲ್ಲಿತ್ತು. ದಯಾನಂದ ಎಲ್ಲರ ಮುಖವನ್ನೂ ನೋಡಿದ. ಎತ್ತಿದ ಕೈಯನ್ನು ಮಾತ್ರೆಯ ಡಬ್ಬಿಯ ಕಡೆ ತಿರುಗಿಸಿದ. ಡಬ್ಬಿ ಕೆಳಗೆ ಬಿದ್ದು ಮಾತ್ರೆಗಳು ಚೆಲ್ಲಾಡಿದವು. ಅವನು ಬಗ್ಗಿ ಅವನ್ನು ಆರಿಸುತ್ತಿರುವಾಗ ವಾರಿಜ ಮೊಳೆಯಿಂದ ಸರ್ಟಿಫಿಕೇಟು ಬಿಡಿಸಿಕೊಂಡು, ಗಾಜಿನ ಧೂಳನ್ನು ಸೆರಗಿನಿಂದ ಒರೆಸಿ, ಕೆಳಗಿಳಿದು ಹೊರಗೆ ನಡೆದಳು. ಜನ ದಾರಿ ಬಿಟ್ಟರು.

ಬಸ್ಸು ಸ್ಟ್ಯಾಂಡಿನಲ್ಲಿತ್ತು. ಅವಳು ಕಿಟಕಿಯ ಪಕ್ಕ ಕೂತಳು, ಸರ್ಟಿಫಿಕೇಟು ತೊಡೆಯ ಮೇಲೆ. ಟಿಕೆಟು ಕೊಟ್ಟು ಮುಗಿಸಿದ ಈಗಿನ ಕಂಡಕ್ಟರು ಹಳೆಯ ಗೌರವಕ್ಕೆ ನನ್ನ ಮುಖ ನೋಡಿದ, ಹೊರಡೋಣವೇ ಎಂಬಂತೆ. ರಸ್ತೆಯ ಆಚೆ ಬದಿಗೆ ದಯಾನಂದ ಬಂದು ನಿಂತಿದ್ದ. ವಾರಿಜ ಅವನ ಕಡೆಗೇ ನೋಡುತ್ತಿದ್ದಳು. ಅವಳ ಕೈ ಮುಂದಿನ ಸೀಟಿನ ಕಂಬಿ ಹಿಡಿದಿತ್ತು. ಇಳಿದೇಬಿಡುತ್ತಾಳೆ ಅನ್ನಿಸಿತು ನನಗೆ. ಆ ಒಂದು ಪದ ನನ್ನ ಗಂಟಲಿನವರೆಗೆ ಬಂದಿತ್ತು. ಜೀವಮಾನವೆಲ್ಲ ಕೂಗಿದ ಪದ. ಕೂಗಿದರೆ ಬಸ್ಸು ಹೊರಡುತ್ತದೆ, ಅವಳು ಉಳಿಯುತ್ತಾಳೆ, ಎಲ್ಲ ಸರಿಯಾಗುತ್ತದೆ. ಅನಸೂಯ ನನ್ನ ತೋಳು ಹಿಡಿದಳು. ಇಳಿದರೂ ನಮ್ಮ ಬಾಗಿಲು ಅವಳಿಗೆ ತೆರೆದಿರಬೇಕು ಎಂದು ಮೇಡಂ ಅನಸೂಯಳಿಗೆ ಫೋನಿನಲ್ಲಿ ಹೇಳಿದ್ದು ನೆನಪಾಯಿತು. ಬಾಯಿ ಬಿಗಿಹಿಡಿದು ನಿಂತೆ. ಬಸ್ಸಿನೊಳಗಿನವರು ಗೊಣಗಲಿಲ್ಲ, ಡ್ರೈವರು ಹಾರನ್ ಒತ್ತಲಿಲ್ಲ.

ವಾರಿಜ ಮುಖ ತಿರುಗಿಸಿ ಮುಂದೆ ನೋಡಿದಳು. 'ರೈಟ್' ಎಂದಳು. ದೊಡ್ಡ ದನಿಯೇನಲ್ಲ. ಡ್ರೈವರಿಗೆ ಕೇಳಿಸಿತು.

ಬಸ್ಸು ತಿರುವು ದಾಟಿದ ಮೇಲೂ ನಾವಿಬ್ಬರೂ ಅಲ್ಲೇ ನಿಂತಿದ್ದೆವು. ಆಮೇಲೆ ಅನಸೂಯ ತಟ್ಟನೆ ಕೇಳಿದಳು, 'ರೀ, ಸ್ಟವ್ ಆರಿಸಿ ಬಂದ್ರಾ?'

ಬೀದಿಯ ತುದಿಗೆ ಬರುವಾಗಲೇ ಮೂಗಿಗೆ ಬಡಿಯಿತು. ಬಟ್ಟಲುಗಳು ಇನ್ನೂ ಕಿಟಕಿ ಕಟ್ಟೆಗಳ ಮೇಲೆ ಸಾಲಾಗಿ ಕೂತಿದ್ದವು. ನಾನು ಓಡಿ ಬಾಗಿಲು ತೆಗೆದೆ. ಅಡುಗೆಮನೆ ತುಂಬ ಹೊಗೆ. ಪಾತ್ರೆಯಲ್ಲಿ ನೀರೆಲ್ಲ ಇಂಗಿ, ಅನ್ನ ಬೆಂದು, ಬೆಂದದ್ದು ಸಾಲದೆ ತಳ ಹಿಡಿದು ಕರಕಲಾಗಿತ್ತು. ನಮ್ಮ ಮನೆಯಲ್ಲಿ ಅನ್ನ ಸೀದದ್ದು ನಾನು ಕಂಡದ್ದು ಅದೇ ಮೊದಲು. ಇಬ್ಬರೂ ನೆಲದ ಮೇಲೆ ಕೂತು, ಪಾತ್ರೆಯನ್ನು ನಡುವೆ ಇಟ್ಟುಕೊಂಡು, ಆ ಸೀದ ಅನ್ನವನ್ನು ಕೆರೆದು ಕೆರೆದು ತಿಂದೆವು.